ತೆಂಗಿನ ಸೀಮೆಯ ಒಂದು ಓದುಮನೆ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಹಳೆಯ ವಿದ್ಯಾರ್ಥಿನಿಯರಾದ ನಮ್ಮನ್ನು ಕೇಳಿದ್ದಾರೆ. ಶಾಲೆಯ ದಿನಗಳ ಸವಿನೆನಪುಗಳನ್ನು ನಮಗಿಂತ ಚೆನ್ನಾಗಿ ಬರೆಯಬಲ್ಲ ಸೋದರಿಯರು ಅನೇಕರಿದ್ದಾರೆ. ಆದಕಾರಣ ನಾವು ಆ ದಾರಿಯನ್ನು ಹಿಡಿಯದೆ, ಶಾಲೆಯನ್ನು ಬಿಟ್ಟು ಬಹುಕಾಲವಾದ ಮೇಲೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಡುವಣ ತೆಂಗಿನ ಸೀಮೆಯಲ್ಲಿ ನಾಲ್ಕಾರು ಮಂದಿ ಕೂಡಿ ಮಾಡಿದ ಒಂದು ಸಣ್ಣ ಕೆಲಸದ ವಿಚಾರವನ್ನು ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಅದು ಒಂದು ಹಳ್ಳಿಯ ಓದುಮನೆಯ ವಿಚಾರ. ಊರವರು ಕೆಡವಿ ಹಾಕಿದ ಹಳೆಯ ಮನೆಗಳ ಕಲ್ಲು, ಮರ, ಹೆಂಚು, ಮಣ್ಣುಗಳಿಂದ ಅದನ್ನು ಕಟ್ಟಿದೆವು. ಇದರಲ್ಲಿ ನಮ್ಮ ಹೆಗ್ಗಳಿಕೆಯೇನೂ ಇಲ್ಲ. ಆದರೆ ಈ ಕೆಲಸವನ್ನು ಮಾಡುವಾಗ ನಮಗೆ ಎದುರಾದ ಒಂದು ಪ್ರಶ್ನೆ ಮಕ್ಕಳ ವಿದ್ಯೆಯಲ್ಲಿ ಮನಸ್ಸಿಟ್ಟ ತಾಯಿತಂದೆಯರೆಲ್ಲರೂ ಆಲೋಚಿಸತಕ್ಕದ್ದಾಗಿದೆಯೆಂದು ತೋರುತ್ತದೆ.

ನಮ್ಮ ಸೀಮೆಯನ್ನು ನೋಡದವರಿಗಾಗಿ ಎರಡು ಮಾತು. ತುಮಕೂರಿನಿಂದ ಪಡುವಲಾಗಿ ಗುಬ್ಬಿಯನ್ನು ದಾಟಿ ನಿಟ್ಟೂರಿನ ಕಡೆಗೆ ಹೊರಟರೆ ರಸ್ತೆಯ ಎರಡು ಪಕ್ಕದಲ್ಲಿಯೂ ತೆಂಗಿನ ಸಾಲು ಮೊದಲಾಗುತ್ತದೆ. ಮಲೆಯಾಳದ ತೆಂಗು ಹಿನ್ನೀರಿನ ತಂಪಿನಲ್ಲಿ ನಿಂತಿದೆ. ನಮ್ಮದು ಬಯಲುಸೀಮೆಯ ತೆಂಗು, ಕೆರೆಯ ನೀರನ್ನೂ ಮಳೆಯನ್ನೂ ನಂಬಿ ಬದುಕುವಂಥದು. ಇಲ್ಲಿ ಎಳನೀರಿಗಿಂತ ಕೊಬ್ಬರಿಗೆ ಬೆಲೆ ಹೆಚ್ಚು. ಬಲಿತ ಕಾಯಿಗಳನ್ನು ಸಿಪ್ಪೆಯ ಸಹಿತವಾಗಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂಡಿಡುತ್ತಾರೆ. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಕರಟದಿಂದ ಬಿಟ್ಟು, ಅಲುಗಿಸಿದರೆ ಗುಡುಗುಡನೆ ಸದ್ದು ಮಾಡಿದಾಗ ಸುಲಿದು ಒಡೆದು ಉಂಡೆ ಕೊಬ್ಬರಿಯನ್ನು ತೆಗೆಯುತ್ತಾರೆ. ತಿಪಟೂರಿನ ಕೊಬ್ಬರಿಯ ಪೇಟೆಗೆ ಉತ್ತರ ಹಿಂದೂಸ್ಥಾನದ ವರ್ತಕರಲ್ಲಿಯೂ ಹೆಸರಿದೆ. ಸಿಪ್ಪೆಯಿಂದ ನಾರು, ಕರಟದಿಂದ ಇದ್ದಲು, ಗರಿಯಿಂದ ಚಪ್ಪರ, ಕಡ್ಡಿಯಿಂದ ಪೊರಕೆ, ಮಟ್ಟೆಯಿಂದ ಒಲೆಗೆ ಸೌದೆ; ಹೀಗೆ ಬಿಸಾಡತಕ್ಕ ಪದಾರ್ಥವೆಂಬುದೇ ಈ ಮರದಲ್ಲಿಲ್ಲ. ಹೆತ್ತ ಮಕ್ಕಳು ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದೆಂಬ ಗಾದೆ ಹುಟ್ಟಿದ್ದು ಇಂಥ ಸೀಮೆಯಲ್ಲಿಯೇ ಇರಬೇಕು.

ಹೀಗೆ ತೆಂಗಿನ ಚೂರನ್ನೂ ಹಾಳುಮಾಡದ ಜನರು ಮನೆಗಳನ್ನು ಮಾತ್ರ ಹಾಳುಮಾಡುತ್ತಿರುವುದು ಸೋಜಿಗವಲ್ಲವೆ? ಈ ಭಾಗದ ಹಳ್ಳಿಗಳಲ್ಲಿ ದೊಡ್ಡ ಕುಟುಂಬಗಳು ಇದ್ದ ತೊಟ್ಟಿಯ ಮನೆಗಳು ಒಂದೊಂದಾಗಿ ಬೀಳುತ್ತಿವೆ. ಅಣ್ಣತಮ್ಮಂದಿರಲ್ಲಿ ಪಾಲಾದಾಗ ನಡುಮನೆ ಒಬ್ಬರಿಗೆ, ಅಟ್ಟ ಒಬ್ಬರಿಗೆ, ದನದ ಕೊಟ್ಟಿಗೆ ಮತ್ತೊಬ್ಬರಿಗೆ ಹೋಗುತ್ತದೆ; ಮಾಡನ್ನು ಕೈಯಾಡಿಸುವ ಹೊಣೆ ಯಾರಿಗೂ ಇಲ್ಲವಾಗುತ್ತದೆ. ಮಕ್ಕಳು ಬೆಂಗಳೂರನ್ನು ಸೇರುತ್ತಾರೆ. ಒಂದೆರಡು ಮಳೆಗಾಲ ಹೆಂಚು ಜಾರಿದರೆ ಸಾಕು, ನೀರು ಮಣ್ಣಿನ ಗೋಡೆಯ ನೆತ್ತಿಗೆ ಇಳಿದು ಗೋಡೆ ಕುಸಿಯುತ್ತದೆ. ಉಳಿದವರು ಅದನ್ನು ಕೆಡವಿಸಿ ಅದೇ ಜಾಗದಲ್ಲಿ ಕಾಂಕ್ರೀಟಿನ ಮನೆಯನ್ನು ಎಬ್ಬಿಸುತ್ತಾರೆ. ಹಳೆಯ ಮರವು ಇಟ್ಟಿಗೆಯ ಗೂಡಿಗೆ ಸೌದೆಯಾಗಿ ಹೋಗುತ್ತದೆ, ಹೆಂಚು ಹಳ್ಳವನ್ನು ತುಂಬುತ್ತದೆ, ಕಲ್ಲುಚಪ್ಪಡಿ ಚರಂಡಿಯ ಮೇಲೆ ಬೀಳುತ್ತದೆ. ಇದರ ಜೊತೆಗೆ ತೋಟಗಳಿಗೂ ಕಷ್ಟ ಬಂದಿತು. 1998ರಿಂದೀಚೆಗೆ ಕೇರಳದ ಕಡೆಯಿಂದ ಹಬ್ಬಿದ ನುಸಿಯ ಪೀಡೆಯಿಂದ ಕಾಯಿಗಳು ಕಿರಿದಾದುವು. ಮೇಲಿಂದ ಮೇಲೆ ಮಳೆ ತಪ್ಪಿದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ಮುದಿಮರಗಳು ತಲೆಯುದುರಿ ಬರಿಯ ಕಂಬಗಳಾಗಿ ನಿಂತುವು. 2016ನೆಯ ಇಸವಿಯ ಬರವನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಆ ಬರದ ಮಾರನೆಯ ಬೇಸಗೆಯಲ್ಲಿ ತುರುವೇಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಹೆಂಗಸರು ನಮ್ಮಲ್ಲಿ ಒಂದು ಮಾತನ್ನು ಆಡಿದರು. ಅವರ ಸ್ತ್ರೀಶಕ್ತಿ ಸಂಘ ಕೂಡುವುದಕ್ಕೆ ಗುಡಿಯ ಜಗಲಿಯ ಹೊರತು ಬೇರೆ ಜಾಗವಿರಲಿಲ್ಲ. ಆ ಜಗಲಿಯನ್ನು ಹತ್ತುವುದಕ್ಕೆ ಕೇರಿಯ ಹೆಂಗಸರು ಇನ್ನೂ ಹಿಂಜರಿಯುತ್ತಿದ್ದರು. ಗಂಡುಹುಡುಗರಿಗೆ ಓದಲು ಬಸ್ಸಿನ ತಂಗುದಾಣವೋ ಅರಳೀಕಟ್ಟೆಯೋ ಉಂಟು. ಸಂಜೆ ಶಾಲೆಯಿಂದ ಬಂದ ಹೆಣ್ಣುಮಗುವಿಗೆ ಮನೆಯಲ್ಲಿ ಪಾತ್ರೆ, ತಮ್ಮ, ದನ, ಟೆಲಿವಿಷನ್ನು. ಪುಸ್ತಕವನ್ನು ಬಿಚ್ಚಿ ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳುವುದಕ್ಕೆ ಅವಳಿಗೆ ತಾವಿಲ್ಲ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದ ಹುಡುಗಿಗೆ ಮುಂದಿನ ವರ್ಷ ಮದುವೆಯ ಮಾತು ಬರುತ್ತದೆಂಬುದು ಊರಿಗೆಲ್ಲ ತಿಳಿದ ಸಂಗತಿ. ಆದುದರಿಂದ ಒಂದು ಗಂಟೆಯ ತಾವೆಂಬುದು ಸಣ್ಣ ಮಾತಲ್ಲ; ಅದು ಒಬ್ಬ ಹುಡುಗಿಯ ಬಾಳಿನ ಮಾತು.

ಈ ಸೀಮೆಗೆ ಅಕ್ಷರದ ಭಾಗ್ಯವಿಲ್ಲದೆ ಇಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ ಸಂಪಿಗೆ ಗ್ರಾಮವು ತುರುವೇಕೆರೆ ತಾಲ್ಲೂಕಿನಲ್ಲಿಯೇ ಇದೆ. ತೀ. ನಂ. ಶ್ರೀಕಂಠಯ್ಯನವರ ತೀರ್ಥಪುರವು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. ನೆರೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು 1837ರಷ್ಟು ಹಿಂದೆಯೇ ನೆಲೆಸಿ ಶಾಲೆಯ ಕೆಲಸವನ್ನು ಕೈಗೊಂಡಿದ್ದರು. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯವರು ಹಳ್ಳಿಗಳಲ್ಲಿ ರಾತ್ರಿಯ ಪಾಠಗಳನ್ನು ನಡೆಸಿ, ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಈಗ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ಆದರೆ ಪಂಚಾಯತಿಯ ಕೇಂದ್ರವಿರುವ ಊರು ಮೂರು ಮೈಲಿ ದೂರವಾದರೆ, ದೀಪ ಹೊತ್ತಿಸುವ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳುಹುವ ತಾಯಿಯಾರು?

ಕಟ್ಟಡವನ್ನು ಕಟ್ಟಬೇಕೆಂದು ನಿಶ್ಚಯವಾದಾಗ ನಮ್ಮ ಕೈಯಲ್ಲಿದ್ದ ಹಣ ಒಂದು ಸಾಧಾರಣ ಮದುವೆಯ ಊಟದ ಖರ್ಚಿಗೂ ಸಾಲುತ್ತಿರಲಿಲ್ಲ. ಪಂಚಾಯತಿಯವರು ಠರಾವು ಮಾಡಿ ಊರಿಗೂ ಕೇರಿಗೂ ನಡುವೆ ಇದ್ದ ಒಂದು ಪಾಳು ನಿವೇಶನವನ್ನು ಬಿಟ್ಟುಕೊಟ್ಟರು. ಊರೊಳಗೆ ಇದಕ್ಕಿಂತ ಒಳ್ಳೆಯ ಜಾಗ ಉಂಟೆಂದು ಕೆಲವರು ಹೇಳಿದರೂ ಹೆಂಗಸರು ಈ ನಡುವಿನ ಜಾಗವನ್ನೇ ಹಿಡಿದರು. ಯಾರೂ ಮತ್ತೊಬ್ಬರ ಬೀದಿಯನ್ನು ಹಾದು ಬರಬೇಕಾಗಿಲ್ಲವೆಂಬುದೇ ಅವರ ಕಾರಣ. ಸಾಮಾನಿಗೆ ಏನು ಮಾಡುವುದೆಂದು ಚಿಂತಿಸುತ್ತಿರುವಾಗ ಊರಿನ ಹಿರಿಯ ಮನೆತನವೊಂದರವರು ತಮ್ಮ ತೊಟ್ಟಿಯ ಮನೆಯನ್ನು ಕೆಡವಿಸುವವರಿದ್ದಾರೆಂದು ತಿಳಿಯಿತು. ಅವರನ್ನು ಕಂಡು ಕೇಳಿದೆವು. ಕೆಡವುವ ಕೂಲಿಯನ್ನು ನಾವು ವಹಿಸಿಕೊಂಡು ಜಾಗವನ್ನು ಹಸನುಮಾಡಿಕೊಡುವುದಾದರೆ ಸಾಮಾನನ್ನೆಲ್ಲ ಒಯ್ಯಬಹುದೆಂದು ಅವರು ಒಪ್ಪಿದರು. ಪಕ್ಕದ ಊರಿನಲ್ಲಿ ಒಂದು ಹಳೆಯ ಕೊಬ್ಬರಿಯ ಉಗ್ರಾಣ ಬಿದ್ದಿತ್ತು. ಅದರ ಅಟ್ಟದ ಮರವೂ ದೊರೆಯಿತು. ಬರದಲ್ಲಿ ಒಣಗಿದ ತೆಂಗಿನ ಮರಗಳನ್ನು ತೋಟದವರು ತಾವಾಗಿಯೇ ಕೊಟ್ಟರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಹಳೆಯ ಮನೆಯನ್ನು ಬಿಚ್ಚಿ ನೋಡು ಎಂಬುದನ್ನೂ ಆ ಗಾದೆಗೆ ಸೇರಿಸಬಹುದು. ಕೆಡವುವುದು ಬೇರೆ, ಬಿಚ್ಚುವುದು ಬೇರೆ. ಯಂತ್ರವನ್ನು ತಂದರೆ ಒಂದು ಹಗಲಿನಲ್ಲಿ ಮನೆ ನೆಲಸಮವಾಗುತ್ತದೆ, ಉಳಿಯುವುದು ಕಸ. ಬಿಚ್ಚುವುದಾದರೆ ಕಟ್ಟಿದ ಕ್ರಮವನ್ನು ಹಿಂದುಮುಂದಾಗಿ ನಡೆಯಿಸಬೇಕು: ಮೊದಲು ಹೆಂಚು, ಆಮೇಲೆ ರೀಪು, ಪಕಾಸಿ, ತೊಲೆ, ಕಂಬ, ಬಾಗಿಲು, ಕಿಟಕಿ, ಕಡೆಗೆ ಗೋಡೆ, ತಳಪಾಯ. ನಮ್ಮ ಮೇಸ್ತ್ರಿಗಳು ಪ್ರತಿಯೊಂದು ಜೋಡಣೆಗೂ ಸುಣ್ಣದಲ್ಲಿ ಗುರುತು ಹಾಕಿ ಇಳಿಸಿದರು. ಆ ಮನೆಯ ತೊಲೆಗಳಲ್ಲಿ ಕಬ್ಬಿಣದ ಮೊಳೆಗಳು ಬಹು ಕಡಮೆ. ಮರಕ್ಕೆ ಮರದ ಗೂಟವನ್ನೇ ಬಡಿದು ಕೂಡಿಸಿದ್ದರು. ಗೋಡೆಗಳನ್ನು ಕೆಸರಿನಿಂದಲೂ ಕೆಲವೆಡೆ ಸುಣ್ಣದ ಗಾರೆಯಿಂದಲೂ ಎಬ್ಬಿಸಿದ್ದರು. ಆದಕಾರಣ ಇಟ್ಟಿಗೆಯನ್ನು ಕರಣೆಯಿಂದ ತಟ್ಟಿದರೆ ಗಾರೆ ಬಿಟ್ಟು ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತಿತ್ತು. ಸಿಮೆಂಟಿನಲ್ಲಿ ಕೂಡಿಸಿದ ಗೋಡೆಯನ್ನು ಹೀಗೆ ಬಿಚ್ಚಲಾಗದು. ಸಿಮೆಂಟು ಇಟ್ಟಿಗೆಗಿಂತ ಗಟ್ಟಿಯಾಗಿ ಅಂಟಿಕೊಂಡು, ಬಿಡಿಸಹೋದರೆ ಇಟ್ಟಿಗೆಯೇ ಒಡೆಯುತ್ತದೆ. ಹಿಂದಿನವರು ತಮ್ಮ ಕಾಲ ಮುಗಿದ ಮೇಲೆ ಇನ್ನೊಬ್ಬರು ಕಟ್ಟಬೇಕಾಗುವುದೆಂಬುದನ್ನು ಬಲ್ಲವರಂತೆ ಕಟ್ಟಿದ್ದರು.

ದೊರೆತುದನ್ನೆಲ್ಲ ಹಾಗೆಯೇ ಉಪಯೋಗಿಸುವಂತಿಲ್ಲ, ಪ್ರತಿಯೊಂದಕ್ಕೂ ಪರೀಕ್ಷೆಯುಂಟು. ಮಂಗಳೂರು ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಬೇಕು: ಗಂಟೆಯಂತೆ ಖಣಿಲೆಂದರೆ ಗಟ್ಟಿ, ಮಂಕಾಗಿ ಸದ್ದು ಮಾಡಿದರೆ ಎಲ್ಲಿಯೋ ಬಿರುಕಿದೆ. ನೂರು ಚದರಡಿಯ ಮಾಡಿಗೆ ಸುಮಾರು 150 ಹೆಂಚು ಬೇಕು. ಹೆಂಗಸರೂ ಮಕ್ಕಳೂ ಸಾಲಾಗಿ ಕುಳಿತು ತಟ್ಟಿ ತಟ್ಟಿ ಬೇರ್ಪಡಿಸಿದರು. ಗಟ್ಟಿಯಾದುವನ್ನು ನೀರಿನಲ್ಲಿ ನೆನೆಸಿ, ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದರು. ತೊಲೆಗಳನ್ನು ಬಡಗಿಯು ಉಳಿಯಿಂದ ಅಲ್ಲಲ್ಲಿ ಚುಚ್ಚಿ ಗೆದ್ದಲು ತಿಂದ ಭಾಗವನ್ನು ಕೊಯ್ದು ತೆಗೆದನು; ಉಳಿದ ಹಲಸು, ಹೊನ್ನೆಗಳ ಮರ ಅಷ್ಟು ವರ್ಷದ ಮೇಲೆಯೂ ಕಬ್ಬಿಣದಂತೆ ಇತ್ತು. ಗೋಡೆಗೆ ತಾಗುವ ತುದಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದೆವು.

ತೆಂಗಿನ ಮರದ ಗುಣವೇ ಬೇರೆ. ಇತರ ಮರಗಳಲ್ಲಿ ನಡುವಿನ ಚೇಗು ಗಟ್ಟಿ, ಹೊರಗಿನದು ಮೆತು. ತೆಂಗಿನಲ್ಲಿ ಹೊರಸುತ್ತು ಗಟ್ಟಿ, ಒಳಗು ಬೆಂಡು. ಅದೂ ಅಲ್ಲದೆ ಬುಡದ ಕಡೆಯ ಮರ ತುದಿಯ ಕಡೆಯದಕ್ಕಿಂತ ಗಟ್ಟಿ. ಆದುದರಿಂದ ಐವತ್ತು ಅರುವತ್ತು ವರ್ಷ ದಾಟಿದ ಮರವನ್ನೇ ಆರಿಸಿ, ಬುಡದ ಭಾಗವನ್ನು ಉದ್ದಕ್ಕೆ ಸೀಳಿ, ಒಳಗಿನ ಬೆಂಡನ್ನು ಕೆತ್ತಿ ತೆಗೆದು, ಕರಿಯ ಗೀರುಗಳುಳ್ಳ ಹೊರಪಟ್ಟಿಯನ್ನು ಮಾತ್ರ ಪಕಾಸಿಗಳಿಗೆ ಉಪಯೋಗಿಸತಕ್ಕದ್ದು. ನೀರು ತಾಗದಂತೆ ನೋಡಿಕೊಂಡರೆ ಅದು ಬಹುಕಾಲ ಬಾಳುತ್ತದೆ. ನೆಲದಲ್ಲಿ ಹೂಳಿದರೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಅಣಬೆರೋಗದಿಂದ ಸತ್ತ ಮರಗಳನ್ನು ನಾವು ಮುಟ್ಟಲಿಲ್ಲ. ಬರದಲ್ಲಿ ಒಣಗಿದುವು ಮಾತ್ರವೇ ನಮಗೆ ಬಂದುವು.

ಇನ್ನು ಮಣ್ಣು. ಹಳೆಯ ಗೋಡೆಯ ಮಣ್ಣನ್ನು ರೈತರು ಹೊಲಕ್ಕೆ ಹೊಡೆಯುವುದುಂಟು. ನಾವು ಅರ್ಧವನ್ನು ಅವರಿಗೆ ಬಿಟ್ಟು ಉಳಿದರ್ಧವನ್ನು ಜರಡಿಯಾಡಿಸಿ, ಮರಳನ್ನು ಬೆರೆಸಿ, ನೂರಕ್ಕೆ ಆರೇಳು ಪಾಲಿನಷ್ಟು ಸಿಮೆಂಟನ್ನು ಕೂಡಿಸಿ, ಕೈಯಂತ್ರದಲ್ಲಿ ಒತ್ತಿ ಮಣ್ಣಿನ ಇಟ್ಟಿಗೆಗಳನ್ನು ಮಾಡಿಸಿದೆವು. ಇವನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ. ನೆರಳಿನಲ್ಲಿ ಜೋಡಿಸಿ ಮೂರು ವಾರ ನೀರು ಚಿಮುಕಿಸಿದರೆ ಸಾಕು. ಒಂದು ಮರದ ಸೌದೆಯೂ ಇದಕ್ಕೆ ವೆಚ್ಚವಾಗುವುದಿಲ್ಲ. ಈ ವಿದ್ಯೆ ದೂರದೇಶದಿಂದ ಬಂದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಆರಂಭಿಸಿದರು. ಅದರ ಹಳ್ಳಿಯ ಕೇಂದ್ರವು ನಮ್ಮ ಜಿಲ್ಲೆಯಲ್ಲಿಯೇ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಸ್ಥಾಪಿತವಾಯಿತು. ಪ್ರೊಫೆಸರ್ ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಮಣ್ಣಿನ ಇಟ್ಟಿಗೆಯ ವಿಚಾರದಲ್ಲಿ ನಡೆಯಿಸಿದ ಪರೀಕ್ಷೆಗಳ ಫಲವನ್ನು ಈ ದಿನ ನಾಡಿನ ನಾನಾ ಕಡೆಗಳಲ್ಲಿ ಕಾಣಬಹುದು.

ಇಷ್ಟರಲ್ಲಿ, ಗೋಡೆ ಸೊಂಟದೆತ್ತರಕ್ಕೆ ಎದ್ದಿದ್ದಾಗ, ಕೇರಿಯ ತಾಯಿಯೊಬ್ಬಳು ಕೆಲಸದ ಜಾಗಕ್ಕೆ ಬಂದು ನಿಂತಳು. ಅವಳ ಇಬ್ಬರು ಹೆಣ್ಣುಮಕ್ಕಳೂ ಹೆಂಚು ತೊಳೆಯುವ ಕೆಲಸದಲ್ಲಿದ್ದರು. ಅವಳು ಸುತ್ತಲೂ ನೋಡಿ, “ಅವರು ಉಟ್ಟು ಬಿಟ್ಟ ಬಟ್ಟೆಯನ್ನು ನಮ್ಮವ್ವ ಉಟ್ಟಳು, ಉಂಡು ಮಿಕ್ಕ ಅನ್ನವನ್ನು ನಾವು ಉಂಡೆವು. ಈಗ ನನ್ನ ಮಕ್ಕಳಿಗೆ ಓದುವುದಕ್ಕೂ ಅವರು ಬಿಟ್ಟ ಮನೆಯೇ ಆಗಬೇಕೇ?” ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ಮೇಸ್ತ್ರಿಯು ಕರಣೆಯನ್ನು ಕೆಳಗಿಟ್ಟನು.

ಇದೇ ನಾವು ಮೊದಲು ಹೇಳಿದ ಪ್ರಶ್ನೆ. ಹಳೆಯ ಸಾಮಾನಿನಲ್ಲಿ ಕಟ್ಟುವುದು ಮಿತವ್ಯಯವೆಂದೂ ಪ್ರಕೃತಿಗೆ ಹಿತವೆಂದೂ ಪೇಟೆಯವರು ಸುಲಭವಾಗಿ ಹೇಳಬಹುದು. ಬೆಂಗಳೂರಿನ ಸಿರಿವಂತರು ಹಳೆಯ ಕಂಬವನ್ನೂ ಬಾಗಿಲನ್ನೂ ಹೆಚ್ಚು ಹಣ ಕೊಟ್ಟು ಕೊಂಡು ತಮ್ಮ ಹೊಸ ಮನೆಗಳಲ್ಲಿ ನಿಲ್ಲಿಸುತ್ತಾರೆ. ಅವರಿಗೆ ಅದು ಒಡವೆ. ಏಕೆಂದರೆ ಹೊಸದನ್ನು ಕೊಳ್ಳುವ ಶಕ್ತಿ ಅವರಿಗುಂಟು. ತಲೆಮಾರುಗಳಿಂದ ಮಿಕ್ಕುದನ್ನೇ ಪಡೆದವರಿಗೆ ಹಳೆಯದೆಂದರೆ ಬೇರೆಯೇ ಅರ್ಥ. ಬಡವರ ಮಕ್ಕಳಿಗೆ ಕೊಡುವಾಗ ಹರಿದ ಪುಸ್ತಕ, ಕುಂಟುವ ಬೆಂಚು, ಬೇಡವಾದ ಬಟ್ಟೆ ಸಾಕೆಂದು ತಿಳಿಯುವ ದಾನಶೀಲರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಆ ತಾಯಿಯ ಮಾತು ಕಟುವಾಗಿದ್ದರೂ ನ್ಯಾಯವಾಗಿತ್ತು.

ಅಂದಿನ ಸಂಜೆ ಹೆಂಗಸರೆಲ್ಲ ಸೇರಿ ಬಹಳ ಹೊತ್ತು ವಿಚಾರಮಾಡಿದರು. ಅವಳನ್ನು ಸಮಾಧಾನಪಡಿಸಿ ಕಳುಹಿಸುವ ಮಾತು ಬರಲಿಲ್ಲ. ಅವಳೇ ನಡುವೆ ಕುಳಿತಿದ್ದಳು. ಕಡೆಗೆ ಕೆಲವು ಕಟ್ಟಳೆಗಳಾದುವು. ನಮ್ಮ ನಮ್ಮ ಮನೆಗಳಲ್ಲಿ ಇಟ್ಟುಕೊಳ್ಳಲು ಒಪ್ಪದ ಯಾವ ವಸ್ತುವನ್ನೂ ಓದುಮನೆಯಲ್ಲಿ ಇಡಕೂಡದು. ಮಕ್ಕಳ ಮೈಗೆ ತಾಗುವ ನೆಲ, ಬೆಂಚು, ಕಪಾಟುಗಳು ನಯವಾಗಿಯೂ ಪೂರ್ಣವಾಗಿಯೂ ಇರಬೇಕು. ವಿದ್ಯುತ್ತಿನ ತಂತಿ, ನೀರಿನ ಕೊಳಾಯಿ, ಕಕ್ಕಸುಗಳು ಹೊಸವೇ ಆಗತಕ್ಕದ್ದು. ಇವುಗಳಲ್ಲಿ ಹಳೆಯದನ್ನು ಹಾಕಿ ಉಳಿಸುವ ಹಣ ಪಾಪದ ಹಣ. ಪುಸ್ತಕಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಹೊಸವನ್ನು ಕೊಳ್ಳಬೇಕು; ಹೊಸ ಪುಸ್ತಕದ ವಾಸನೆಯು ಪಟ್ಟಣದ ಮಕ್ಕಳಿಗೆ ಮಾತ್ರವೇ ಮೀಸಲೇ? ಕೆಲಸದ ಕೂಲಿಯು ಗಂಡಸಿಗೂ ಹೆಂಗಸಿಗೂ ಒಂದೇ. ಈ ಕಡೆಯದನ್ನು ಸೇರಿಸಿದವಳು ಆ ತಾಯಿಯೇ. ಇವೆಲ್ಲಕ್ಕೂ ಒಪ್ಪಿ ಮರುದಿನ ಅವಳು ಕೆಲಸಕ್ಕೆ ಬಂದಳು.

ಬಾಗಿಲಿನ ವಿಚಾರ ಇದಕ್ಕಿಂತಲೂ ಸೂಕ್ಷ್ಮವಾಗಿತ್ತು. ತೊಟ್ಟಿಯ ಮನೆಯ ಹೆಬ್ಬಾಗಿಲು ಆ ಸಾಮಾನಿನಲ್ಲೆಲ್ಲ ಅತ್ಯುತ್ತಮವಾದುದು: ಎರಡು ಕದ, ದ್ವಾರಬಂಧದ ಮೇಲೆ ತಾವರೆಯ ಕೆತ್ತನೆ, ಹಿತ್ತಾಳೆಯ ಗುಬ್ಬಿಗಳು, ಒಂದೇ ಮರದ ಹೊಸ್ತಿಲು. ವ್ಯಾಪಾರಿಯೊಬ್ಬನು ಅದಕ್ಕೆ ಒಳ್ಳೆಯ ಬೆಲೆಯನ್ನು ಕೊಡಲು ಬಂದನು. ಅದನ್ನು ಮಾರಿದರೆ ನೆಲಕ್ಕೆ ಹಾಕುವ ಕಲ್ಲಿನ ವೆಚ್ಚವೆಲ್ಲ ಕಳೆಯುತ್ತಿತ್ತು. ಕೊಟ್ಟವರ ಅಡ್ಡಿಯೂ ಇರಲಿಲ್ಲ. ಆದರೆ ಕೇರಿಯ ಮುದುಕಿಯೊಬ್ಬಳು, ತಾನು ಹುಡುಗಿಯಾಗಿದ್ದಾಗಿನಿಂದ ಸುಗ್ಗಿಯ ಕಾಳಿಗಾಗಿ ಆ ಬಾಗಿಲ ಮುಂದೆ ಬೀದಿಯಲ್ಲಿ ನಿಲ್ಲುತ್ತಿದ್ದುದನ್ನೂ ಎಂದೂ ಆ ಹೊಸ್ತಿಲನ್ನು ದಾಟಲಿಲ್ಲವೆಂಬುದನ್ನೂ ಹೇಳಿ, ಅದನ್ನು ಮಾರಕೂಡದೆಂದಳು. ಅದು ಓದುಮನೆಗೆ ಬಾಗಿಲಾಗಲಿ, ತನ್ನ ಮೊಮ್ಮಕ್ಕಳು ಅದನ್ನು ತುಳಿದು ಒಳಗೆ ಹೋಗಲಿ ಎಂಬುದು ಅವಳ ಇಷ್ಟವಾಗಿತ್ತು. ಹಳೆಯ ಮನೆಯ ಯಜಮಾನರ ಸೊಸೆಯು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗೆಯೇ ಆಗಲಿ. ನಾನೂ ಮದುವೆಯಾಗಿ ಬಂದ ದಿನ ಅದನ್ನು ದಾಟಿ ಒಳಗೆ ಹೋದವಳು, ಆಮೇಲೆ ನನ್ನಿಷ್ಟದಂತೆ ಹೊರಗೆ ಬಂದದ್ದು ಕಡಮೆ” ಎಂದರು. ಇಬ್ಬರು ಹೆಂಗಸರು ಒಂದೇ ಬಾಗಿಲಿನ ಎರಡು ಕಡೆಗಳಲ್ಲಿ ನಿಂತು ಬಾಳಿದ್ದರು. ಅಗಳಿಯನ್ನು ಮಾತ್ರ ತೆಗೆಸಿ ಬಾಗಿಲನ್ನು ನಿಲ್ಲಿಸಿದೆವು.

ಹಳೆಯ ಸಾಮಾನಿನಲ್ಲಿ ಗೌರವವಾದ ಕಟ್ಟಡವನ್ನು ಕಟ್ಟಬಹುದೆಂಬುದಕ್ಕೆ ನಿದರ್ಶನಗಳು ನಮಗೆ ಧೈರ್ಯವನ್ನು ಕೊಟ್ಟುವು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿದ ಲಾರಿ ಬೇಕರರು 1945ರಲ್ಲಿ ಕುಷ್ಠರೋಗಿಗಳ ಸೇವೆಯ ಮಿಷನ್ನಿನ ಕಟ್ಟಡಗಳ ಕೆಲಸಕ್ಕಾಗಿ ಹಿಂದೂದೇಶಕ್ಕೆ ಬಂದವರು. ಅವರು ವೈದ್ಯೆಯಾದ ಎಲಿಜಬೆತ್ತಮ್ಮನವರನ್ನು ವಿವಾಹವಾಗಿ, ಹಿಮಾಲಯದ ತಪ್ಪಲಲ್ಲಿಯೂ ಕೇರಳದಲ್ಲಿಯೂ ಬಾಳಿ, 2007ರಲ್ಲಿ ತೀರಿಕೊಂಡರು. ಐದು ಮೈಲಿ ಸುತ್ತಿನಲ್ಲಿ ದೊರೆಯುವ ಸಾಮಾನಿನಿಂದಲೇ ಮನೆಯನ್ನು ಕಟ್ಟಬೇಕೆಂಬ ಗಾಂಧೀಜಿಯವರ ಅಭಿಪ್ರಾಯವನ್ನು ಅವರು ಜೀವಮಾನವೆಲ್ಲ ನೆನೆಯುತ್ತಿದ್ದರು. ಒಡೆದ ಹೆಂಚುಗಳನ್ನು ಕಾಂಕ್ರೀಟಿನ ಚಾವಣಿಯೊಳಗೆ, ಭಾರವನ್ನು ಹೊರಬೇಕಾಗಿಲ್ಲದ ಕೆಳಭಾಗದಲ್ಲಿ ತುಂಬಿ, ಸಿಮೆಂಟನ್ನೂ ತೂಕವನ್ನೂ ಉಳಿಸುವ ಕ್ರಮವನ್ನು ಅವರು ಪ್ರಚಾರಕ್ಕೆ ತಂದರು. ತಟ್ಟಿದಾಗ ಮಂಕಾದ ಸದ್ದು ಮಾಡಿದ ನಮ್ಮ ಹೆಂಚುಗಳು ವ್ಯರ್ಥವಾಗದೆ, ಕಕ್ಕಸಿನ ಮೇಲಣ ಚಾವಣಿಗೆ ಹೀಗೆಯೇ ಉಪಯೋಗಕ್ಕೆ ಬಂದುವು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕರಾವಳಿಯ ನಾಡಿನಲ್ಲಿ ಬೀಳಲಿದ್ದ ಮನೆಗಳನ್ನು ಬಿಚ್ಚಿಸಿ, ತಂದು, ಮತ್ತೆ ನಿಲ್ಲಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ರೂಪಿಸಿದರು. ಅಮೇರಿಕಾದ ಅಲಬಾಮಾ ಸಂಸ್ಥಾನದಲ್ಲಿ ಸ್ಯಾಮ್ಯುಯೆಲ್ ಮಾಕ್‌ಬೀಯೆಂಬ ಉಪಾಧ್ಯಾಯರು 1993ರಲ್ಲಿ ತೊಡಗಿಸಿದ ‘ರೂರಲ್ ಸ್ಟುಡಿಯೊ’ ಎಂಬ ಶಿಕ್ಷಣಕ್ರಮದಲ್ಲಿ ವಿದ್ಯಾರ್ಥಿಗಳು ಬಡವರ ಹಳ್ಳಿಯೊಂದಕ್ಕೆ ಸಮುದಾಯ ಭವನವನ್ನು ಕಟ್ಟಿ, ಹಳೆಯ ಮೋಟಾರು ಕಾರುಗಳ ಗಾಜುಗಳನ್ನು ಮೀನಿನ ಹುರುಪೆಯಂತೆ ಜೋಡಿಸಿ ಅದಕ್ಕೆ ಮಾಡನ್ನು ಹೊದಿಸಿದರು. ನಮ್ಮ ಮಾಡಿನ ಹೆಂಚಿಗೂ ಒಂದು ಚರಿತ್ರೆಯುಂಟು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು, ಮತಾಂತರದಿಂದ ಕುಲವೃತ್ತಿಯನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡವರಿಗೆ ಕೆಲಸವನ್ನು ಒದಗಿಸುವ ಉದ್ದೇಶದಿಂದ. ಅವರು ತೋರಿಸಿದ ದಾರಿಯಲ್ಲಿ ಹುಟ್ಟಿದ ಹೆಂಚು ಘಟ್ಟವನ್ನು ಹತ್ತಿ ಬಯಲುಸೀಮೆಯ ತೊಟ್ಟಿಯ ಮನೆಗಳನ್ನು ಹೊದಿಸಿ, ಈಗ ನಮ್ಮ ಹೆಣ್ಣುಮಕ್ಕಳ ತಲೆಯ ಮೇಲೆ ನೆರಳಾಗಿ ಬಂದಿದೆ.

ಖರ್ಚಿನ ವಿಚಾರವನ್ನು ಮರೆಮಾಚದೆ ಹೇಳಬೇಕು. ಹಳೆಯ ಸಾಮಾನು ಬಿಟ್ಟಿಯೆಂದು ತಿಳಿಯುವವರು ಹಳೆಯ ಸಾಮಾನಿನಲ್ಲಿ ಕಟ್ಟಿದವರಲ್ಲ. ಬಿಚ್ಚುವ ಕೂಲಿ, ಸಾಗಿಸುವ ಬಾಡಿಗೆ, ತೊಳೆಯುವ ತಿಕ್ಕುವ ದುಡಿಮೆ, ಒಂದೊಂದು ತೊಲೆಗೂ ಬೇರೆ ಬೇರೆ ಅಳತೆಯಾದುದರಿಂದ ಬಡಗಿಗೆ ಆಗುವ ದಿನಗಳು, ಇವೆಲ್ಲವೂ ಸೇರುತ್ತವೆ. ಸಾಮಾನಿಗೆ ಆದುದಕ್ಕಿಂತ ಕೂಲಿಗೆ ಹೆಚ್ಚು ಹಣ ಹೋಯಿತು. ಆದರೆ ಹಣ ಎಲ್ಲಿಗೆ ಹೋಯಿತೆಂಬುದನ್ನೂ ನೋಡಬೇಕಷ್ಟೆ. ಅದು ಸಿಮೆಂಟಿನ ಮೂಟೆಯೊಡನೆ ಊರನ್ನು ಬಿಟ್ಟು ಹೋಗಲಿಲ್ಲ. ಬರದ ವರ್ಷದಲ್ಲಿ ತೋಟದ ಕೆಲಸವಿಲ್ಲದೆ ಕುಳಿತಿದ್ದವರ ಕೈಗೇ ಹೋಯಿತು. ಹಳೆಯ ಸುಣ್ಣದ ಗಾರೆಯನ್ನು ಅರೆಯುವ, ಮರದ ಗೂಟವನ್ನು ಕೂಡಿಸುವ ವಿದ್ಯೆಯನ್ನು ಬಲ್ಲ ಒಬ್ಬಿಬ್ಬರು ಮುದುಕರ ಕೈಕೆಳಗೆ ನಾಲ್ಕು ಮಂದಿ ತರುಣರು ಆ ಕೆಲಸವನ್ನು ಕಲಿತರು. ಹೆಂಗಸರಲ್ಲಿ ಇಬ್ಬರು ಇಟ್ಟಿಗೆಯ ಕೈಯಂತ್ರವನ್ನು ನಡೆಯಿಸುವುದರಲ್ಲಿ ಗಂಡಸರನ್ನು ಮೀರಿಸಿದರು. ಕಟ್ಟಡವು ಪೂರ್ತಿಯಾಗುವ ಮೊದಲೇ ಅದು ಶಾಲೆಯಾಗಿತ್ತೆಂದು ಹೇಳಬಹುದು.

2017ನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಓದುಮನೆ ಸಿದ್ಧವಾಯಿತು. ಮೂವತ್ತಡಿ ಉದ್ದದ ಒಂದು ಅಂಕಣ, ಮುಂದೆ ಕಲ್ಲುಕಂಬಗಳ ಜಗಲಿ, ಹಿಂದೆ ಒಂದು ಸಣ್ಣ ಕೋಣೆ. ಹಳೆಯ ತೊಟ್ಟಿಯ ಕ್ರಮದಲ್ಲಿಯೇ ಮಾಡಿನ ನಡುವೆ ಗಾಜಿನ ಹೆಂಚುಗಳನ್ನು ಕೂಡಿಸಿರುವುದರಿಂದ ಹಗಲಿನಲ್ಲಿ ದೀಪ ಬೇಕಾಗುವುದಿಲ್ಲ. ಸಂಜೆ ಐದರಿಂದ ಏಳೂವರೆಯವರೆಗೆ ಹೆಣ್ಣುಮಕ್ಕಳ ಓದು. ಮಂಗಳವಾರ ಸಂಘದ ಲೆಕ್ಕಪತ್ರ. ಭಾನುವಾರ ಮಧ್ಯಾಹ್ನ ಓದುಬರಹ ಬಾರದ ತಾಯಂದಿರ ಪಾಠ. 2020ರ ಮಾರ್ಚಿಯಲ್ಲಿ ಕೊರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿಹೋದಾಗ, ಟೆಲಿಫೋನಿನ ಮೂಲಕ ಪಾಠವೆಂದರೆ ಟೆಲಿಫೋನಿಲ್ಲದ ಮನೆಯ ಮಕ್ಕಳಿಗೆ ಪಾಠವಿಲ್ಲವೆಂದೇ ಅರ್ಥವಾಯಿತು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರದವರು ‘ವಿದ್ಯಾಗಮ’ವೆಂಬ ಕ್ರಮವನ್ನು ಆರಂಭಿಸಿ ಉಪಾಧ್ಯಾಯರನ್ನು ಹಳ್ಳಿಗಳಿಗೆ ಕಳುಹಿಸಿದಾಗ, ನಾಲ್ಕು ಕಡೆಯಿಂದ ಗಾಳಿಯಾಡುವ ನಮ್ಮ ಜಗಲಿಯಲ್ಲಿ ಮಕ್ಕಳು ದೂರದೂರ ಕುಳಿತು ಪಾಠವನ್ನು ಕೇಳಿದರು. ಆ ಜಾಡ್ಯದ ಎರಡು ವರ್ಷಗಳಲ್ಲಿ ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳ ಓದು ಮದುವೆಯಲ್ಲಿ ಮುಗಿಯಿತು. ಕೆಲಸದ ಜಾಗಕ್ಕೆ ಬಂದು ಪ್ರಶ್ನೆ ಕೇಳಿದ ತಾಯಿಯ ಹಿರಿಯ ಮಗಳಿಗೂ ಒಂದು ಸಂಬಂಧ ಬಂದಿತ್ತು. ತಾಯಿ ಒಪ್ಪಲಿಲ್ಲ. ಆ ಹುಡುಗಿ ಈಗ ದಾದಿಯ ಕೆಲಸದ ವಿದ್ಯಾಭ್ಯಾಸದಲ್ಲಿದ್ದಾಳೆ.

ಐದು ರೊಟ್ಟಿಯೂ ಎರಡು ಮೀನೂ ಐದು ಸಾವಿರ ಜನರಿಗೆ ಸಾಕಾದ ವೃತ್ತಾಂತವನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠವಾಗಿ ಕಲಿತಿದ್ದೇವೆ. ಹಂಚಿದ ಅದ್ಭುತವನ್ನು ನೆನೆಯುವವರು ಬಹಳ. ಊಟವಾದ ಮೇಲೆ ಉಳಿದ ತುಂಡುಗಳನ್ನು ಹನ್ನೆರಡು ಪುಟ್ಟಿಗಳಲ್ಲಿ ಕೂಡಿಸಿದ ಸಂಗತಿಯನ್ನು ನೆನೆಯುವವರು ಕಡಮೆ. ಅಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಜನರೆಲ್ಲ ತೃಪ್ತರಾಗುವಂತೆ ಉಂಡ ಮೇಲೆಯೇ ತುಂಡುಗಳನ್ನು ಆರಿಸಿದ್ದು. ಹಸಿದವರಿಗೆ ತುಂಡನ್ನು ಕೊಟ್ಟು ತೃಪ್ತರು ರೊಟ್ಟಿಯನ್ನು ಇಟ್ಟುಕೊಳ್ಳಲಿಲ್ಲ. ಉಳಿದುದನ್ನು ಹಾಳುಮಾಡದಿರುವುದು ಒಂದು ಧರ್ಮ; ಉಳಿದುದನ್ನು ಮಾತ್ರವೇ ಬಡವರ ಪಾಲಿಗೆ ಹಾಕದಿರುವುದು ಅದಕ್ಕಿಂತ ದೊಡ್ಡ ಧರ್ಮ. ಎರಡನ್ನೂ ಜೊತೆಯಾಗಿ ನಡೆಯಿಸುವುದು ಸಾಧ್ಯವೆಂಬುದನ್ನು ಆ ಹಳ್ಳಿಯ ಹೆಂಗಸರು ಸಾಧಿಸಿ ತೋರಿಸಿದರು.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಅನೇಕರ ತವರುಮನೆಗಳು ಹಳ್ಳಿಗಳಲ್ಲಿವೆ. ಅವುಗಳಲ್ಲಿ ಕೆಲವು ಈಗಾಗಲೇ ಬೀಗ ಬಿದ್ದು ನಿಂತಿರಬಹುದು. ಅವನ್ನು ಉಳಿಸಿಕೊಳ್ಳುವ ಶಕ್ತಿಯಿದ್ದರೆ ಉಳಿಸಿಕೊಳ್ಳಿರಿ. ಹಾಗಿಲ್ಲದಿದ್ದರೆ ಯಂತ್ರವನ್ನು ಕರೆಯಿಸುವ ಮುನ್ನ ಒಬ್ಬ ಬಡಗಿಯನ್ನು ಕರೆಯಿಸಿರಿ. ಹೆಂಚನ್ನು ತಟ್ಟಿ ನೋಡಿರಿ, ತೊಲೆಯನ್ನು ಚುಚ್ಚಿ ನೋಡಿರಿ. ಆ ಊರಿನ ಹೆಣ್ಣುಮಕ್ಕಳಿಗೆ ಕುಳಿತು ಓದುವುದಕ್ಕೆ ತಾವು ಉಂಟೇ ಎಂದು ವಿಚಾರಿಸಿರಿ. ಕೊಡುವುದಾದರೆ ಮೊದಲು ಅವರ ತಾಯಂದಿರನ್ನು ಕೂರಿಸಿಕೊಂಡು ಕೇಳಿರಿ. ಅವರು ಕಟುವಾದ ಮಾತನ್ನಾಡಿದರೆ ಅದನ್ನು ತಳಪಾಯದ ಕಲ್ಲಿನಂತೆ ತೆಗೆದುಕೊಳ್ಳಿರಿ. ನಮ್ಮ ಓದುಮನೆಯನ್ನು ನೋಡಬೇಕೆನ್ನುವವರು ಯಾವ ಸಂಜೆಯಾದರೂ ಬರಬಹುದು. ಬರುವಾಗ ಒಂದು ಹೊಸ ಪುಸ್ತಕವನ್ನು ತಂದರೆ ಮಕ್ಕಳಿಗೆ ಬಹಳ ಸಂತೋಷವಾಗುವುದು. ನಮಗೆ ಅಕ್ಷರವನ್ನೂ ಧೈರ್ಯವನ್ನೂ ಕೊಟ್ಟ ಈ ಶಾಲೆಯನ್ನು ದೇವರು ಬಹುಕಾಲ ಚೆನ್ನಾಗಿ ನಡೆಯಿಸಲಿ.